ಕಾಯಿಕೋಣೆಯ ಗ್ರಾಫಿಕ್ಸ್ ಕಾರ್ಡು

ಇವತ್ತು ಬೆಳಿಗ್ಗೆ ದಂಡಿನಶಿವರದ ರೈತರೊಬ್ಬರು ತಮ್ಮ ಮನೆಯ ಕಂಪ್ಯೂಟರನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು, ಅದಕ್ಕೊಂದು ಟವೆಲ್ ಹೊದಿಸಿ, ನನ್ನ ಅಂಗಡಿಗೆ ತಂದರು. ತುರುವೇಕೆರೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಅರ್ಜಿ ತುಂಬಿಕೊಡುವುದು, ಪಹಣಿ ತೆಗೆಯುವುದು, ಲ್ಯಾಮಿನೇಷನ್ ಮಾಡುವುದು ನನ್ನ ಕಸುಬು. ರಿಪೇರಿ ಬರುವುದಿಲ್ಲ. ಆದರೂ ಪಕ್ಕದ ಮುಚ್ಚಳ ಬಿಚ್ಚಿ ಬ್ರಷ್ಷಿನಲ್ಲಿ ಧೂಳು ಹೊಡೆಯುವಷ್ಟು ಧೈರ್ಯ ಇಷ್ಟು ವರ್ಷದಲ್ಲಿ ಬಂದಿದೆ. ಬಿಚ್ಚಿದೆ. ಒಳಗಿನ ಫ್ಯಾನಿಗೆ ತೆಂಗಿನ ನಾರಿನ ಕಂದು ಧೂಳು ದಪ್ಪಗೆ ಮೆತ್ತಿಕೊಂಡಿತ್ತು. ಬಿಸಿಯಾದ ಆ ಧೂಳಿಗೆ ಒಂದು ವಾಸನೆಯುಂಟು. ಒಲೆಗಿಟ್ಟ ಕಾಯಿಸಿಪ್ಪೆ ಇನ್ನೂ ಹೊತ್ತಿಕೊಳ್ಳದೆ ಸುಮ್ಮನೆ ಹೊಗೆಯಾಡುವಾಗ ಬರುತ್ತದಲ್ಲ, ಅದೇ ವಾಸನೆ. ನಮ್ಮ ಸೀಮೆಯ ಕಂಪ್ಯೂಟರುಗಳನ್ನು ಕಣ್ಣುಮುಚ್ಚಿಕೊಂಡು ಗುರುತು ಹಿಡಿಯಬಹುದು.

"ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬೇಕು ಕಣ್ರೀ. ಮಗ್ಳು ಕೇಳ್ತಾ ಅವ್ಳೆ. ಜಾಸ್ತಿ ಬೆಲೇದು ಬ್ಯಾಡ. ಯಾವ ಕಂಪನೀದು ಒಳ್ಳೇದು?" ಎಂದರು ಅವರು.

"ಯಾವತ್ತಿಗೆ ಬೇಕು?" ಎಂದೆ.

ಕಂಪನಿ ಕೇಳಿದರೆ ಈ ಮನುಷ್ಯ ದಿನ ಕೇಳುತ್ತಾನಲ್ಲ ಎಂದು ಅವರು ನನ್ನ ಮುಖ ನೋಡಿದರು. ಈ ಒಂದು ಪ್ರಶ್ನೆ ಕಲಿಯುವುದಕ್ಕೆ ನನಗೆ ಎಷ್ಟು ಕಾಲ ಹಿಡಿಯಿತೆಂದು ಅವರಿಗೇನು ಗೊತ್ತು. ನಿಮಗೆ ಬೇಕಾದರೆ ಹೇಳುತ್ತೇನೆ, ಕೂತುಕೊಳ್ಳಿ. ಇದು ಗಿರಾಕಿಗಳು ಬರುವ ಹೊತ್ತಲ್ಲ.

ನನ್ನ ತಂಗಿ ಸವಿತಳನ್ನು ತಿಪಟೂರಿನ ಹತ್ತಿರದ ಬಿಳಿಗೆರೆಗೆ ಕೊಟ್ಟಿದ್ದೇವೆ. ತೋಟ, ಎರಡು ಹಸು, ಅತ್ತೆ, ಗಂಡ ಇರುವ ಮನೆ. ಅವಳು ಸಿವಿಲ್ ಡಿಪ್ಲೊಮಾ ಓದಿದವಳು. ಮದುವೆಯಾದ ಮೇಲೂ ಸುಮ್ಮನೆ ಕೂರಲಿಲ್ಲ. ಹಳೆಯ ಕಂಪ್ಯೂಟರೊಂದನ್ನು ಇಟ್ಟುಕೊಂಡು, ಮನೆ ಕಟ್ಟಿಸುವವರಿಗೆ ಎಲಿವೇಷನ್ ಮಾಡಿಕೊಡುತ್ತಿದ್ದಳು. ಎಲಿವೇಷನ್ ಎಂದರೆ, ಪಾಯ ತೋಡುವ ಮೊದಲೇ ಮನೆಯ ಮುಂಭಾಗ ಹೇಗೆ ಕಾಣುತ್ತದೆಂದು ಫೋಟೋ ತೆಗೆದ ಹಾಗೆ ತೋರಿಸುವ ಚಿತ್ರ. ಈಗ ನಮ್ಮ ಕಡೆ ದನದ ಕೊಟ್ಟಿಗೆ ಬಿಟ್ಟು ಮಿಕ್ಕ ಎಲ್ಲಕ್ಕೂ ಎಲಿವೇಷನ್ ಬೇಕು. ಗಾಜಿನ ಕಟಕಟೆ, ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ನೇರಳೆ ಬಣ್ಣ. ಚಿತ್ರ ನೋಡಿ ಮನೆಯೊಡತಿ ಹೂಂ ಎಂದರೆ ಮೇಸ್ತ್ರಿ ಕೆಲಸ ಶುರು ಮಾಡುತ್ತಾನೆ.

ಅವಳು ಕೆಲಸ ಮಾಡುತ್ತಿದ್ದದ್ದು ಕಾಯಿಕೋಣೆಯಲ್ಲಿ. ಕೊಯ್ದ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಪೇರಿಸಿಟ್ಟು, ಹನ್ನೊಂದು ಹನ್ನೆರಡು ತಿಂಗಳು ಹಾಗೇ ಬಿಟ್ಟರೆ ಒಳಗೇ ಒಣಗಿ ಕೊಬ್ಬರಿಯಾಗುತ್ತದೆ. ಅದಕ್ಕೆಂದೇ ಮನೆಯ ಮೇಲೆ ಅಟ್ಟ, ಅಟ್ಟ ಸಾಲದಿದ್ದರೆ ಹೊರಗಡೆ ಒಂದು ಕೋಣೆ. ಎರಡು ವರ್ಷ ಫಸಲು ಕಡಿಮೆಯಾಗಿ ಆ ಮನೆಯ ಕೋಣೆ ಖಾಲಿ ಬಿದ್ದಿತ್ತು. ಸವಿತ ಅಲ್ಲಿ ಮೇಜು ಹಾಕಿಕೊಂಡಳು, ಬಾಗಿಲಿಗೆ ತನ್ನ ಹೆಸರಿನ ಸಣ್ಣ ಬೋರ್ಡು ಬರೆಸಿದಳು. ಬೀದಿಗೆ ತೆರೆದುಕೊಂಡ ಕೋಣೆಯಾದ್ದರಿಂದ ಮೇಸ್ತ್ರಿಗಳು ಸಂಕೋಚವಿಲ್ಲದೆ ಬಂದು ಕೂರುತ್ತಿದ್ದರು.

ತೊಂದರೆ ಇದ್ದದ್ದು ಕಂಪ್ಯೂಟರಿನಲ್ಲಿ. ಚಿತ್ರಗಳನ್ನು ಬೇಗ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ಇರಲಿಲ್ಲ. ಬೆಳಿಗ್ಗೆ ಹಸುವಿನ ಹಾಲು ಕರೆದು ಬಂದು ಚಿತ್ರ ರೆಂಡರಿಗೆ, ಅಂದರೆ ಫೋಟೋದಂತೆ ಮೂಡಲು, ಹಾಕಿದರೆ, ಮಧ್ಯಾಹ್ನದ ಮುದ್ದೆ ಉಂಡು ಬಂದಾಗಲೂ ಅರ್ಧ ಮನೆ ಕಾಣುತ್ತಿತ್ತು, ಅರ್ಧ ಬರೀ ಚುಕ್ಕೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಗಿರಾಕಿ ಬಂದು, ನೇರಳೆ ಬ್ಯಾಡ ಕಂದು ಮಾಡಿ ಎಂದರೆ ಇನ್ನೊಂದು ದಿನ.

ಆ ವರ್ಷ ತೋಟದಲ್ಲಿ ಗೊನೆಗಳು ತುಂಬಿ ನಿಂತವು. ಸವಿತಳ ಅತ್ತೆ ನಂಜಮ್ಮನವರು ಕೆಟ್ಟವರಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಸಂಕ್ರಾಂತಿಗೆ ನಾನು ಹೋಗಿದ್ದಾಗ ಎಲ್ಲರ ಮುಂದೆಯೇ ಹೇಳಿದರು.

"ಈ ಸಲ ಕಾಯಿ ಅಟ್ಟದ ಮ್ಯಾಲೆ ಹಿಡಿಯಾಕಿಲ್ಲ. ಯುಗಾದಿ ಗಂಟ ನೋಡಾನ. ಇವ್ಳ ಕೆಲ್ಸ ನಡೀತದೆ ಅಂದ್ರೆ ಕಾಯಿಗೆ ಬ್ಯಾರೆ ಶೆಡ್ ಹಾಕ್ಸಾನ. ಇಲ್ಲ ಅಂದ್ರೆ ಕೋಣೆಗೆ ಕಾಯಿ ತುಂಬಾನ. ಅಷ್ಟೆಯ."

ನ್ಯಾಯವಾದ ಮಾತೇ. ಸವಿತ ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ, "ಅಣ್ಣ, ಕಡಿಮೆ ಬೆಲೇದು ಒಂದು ಗ್ರಾಫಿಕ್ಸ್ ಕಾರ್ಡ್ ನೋಡಿ ಹೇಳು. ದುಡ್ಡು ನನ್ ಹತ್ರ ಐತೆ. ಯಾವ್ದು ಅಂತ ನೀನ್ ಹೇಳು ಸಾಕು," ಎಂದಳು.

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರೆ. ನಮ್ಮ ಬಂಧುಬಳಗದಲ್ಲಿ ಪ್ರಿಂಟರಿಗೆ ಇಂಕು ತುಂಬಲು ಬರುತ್ತಿದ್ದವನು ನಾನೊಬ್ಬನೇ. ಆದ್ದರಿಂದ ಕಂಪ್ಯೂಟರ್ ವಿಷಯಕ್ಕೆ ನಾನೇ ಪಂಡಿತ. ಗ್ರಾಫಿಕ್ಸ್ ಕಾರ್ಡನ್ನು ನಾನು ಅಲ್ಲಿಯವರೆಗೆ ಕಣ್ಣಲ್ಲಿ ಕಂಡಿರಲಿಲ್ಲ. ಆದರೆ ತಂಗಿ ಕೇಳಿದಾಗ ಗೊತ್ತಿಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. "ನೋಡಾನ ಬುಡು, ಅವಸರ ಮಾಡ್ಬಾರ್ದು," ಎಂದು ಗಂಭೀರವಾಗಿ ಗಡ್ಡ ಕೆರೆದುಕೊಂಡೆ.

ಓದತೊಡಗಿದೆ. ಒಂದು ವಾರದಲ್ಲಿ ನನಗೆ ತಿಳಿದದ್ದಿಷ್ಟು. ಕಾರ್ಡಿನ ಜೀವ ಅದರ ಚಿಪ್ಪು, ಅಂದರೆ ಬೆರಳಿನ ಉಗುರಿನಷ್ಟಗಲದ ಒಂದು ಬಿಲ್ಲೆ. ನಮಗೆ ಎಟುಕುವ ಬೆಲೆಯಲ್ಲಿ ಅದನ್ನು ಮಾಡುವವರು ಎರಡೇ ಕಂಪನಿ. ಇವರ ಕಡೆಯವರು ಅವರ ಕಡೆಯವರನ್ನು ಇಂಟರ್ನೆಟ್ಟಿನಲ್ಲಿ ಬೈಯುವುದನ್ನು ನೋಡಿದರೆ ಪಂಚಾಯಿತಿ ಚುನಾವಣೆಯೇ ವಾಸಿ. ಆ ಬಿಲ್ಲೆಯನ್ನು ತಂದು, ಹಲಗೆಗೆ ಕೂರಿಸಿ, ಮೇಲೆ ಫ್ಯಾನು ಸಿಕ್ಕಿಸಿ, ಪೆಟ್ಟಿಗೆಗೆ ಹಾಕಿ ಮಾರುವವರು ಬೇರೆ, ಹತ್ತಾರು ತಯಾರಕರು. ಬಿಲ್ಲೆ ಒಂದೇ, ಆದರೆ ಬೆಲೆ ಬೇರೆ, ಬಣ್ಣ ಬೇರೆ, ಗ್ಯಾರಂಟಿ ಬೇರೆ. ಇದು ತಿಳಿದಾಗ ನನಗೆ ಏನೋ ರಹಸ್ಯ ಸಿಕ್ಕಿದ ಹಾಗಾಯಿತು. ಅಂಗಡಿಗೆ ಪಹಣಿಗೆಂದು ಬಂದವರನ್ನೆಲ್ಲ ಹಿಡಿದು ಕೂರಿಸಿ ಹೇಳಿದೆ. ಪಾಪ, ಕೇಳಿದರು. ಕೇಳದಿದ್ದರೆ ಪಹಣಿ ಕೈಗೆ ಬರುತ್ತಿರಲಿಲ್ಲ.

ತಯಾರಕರಲ್ಲಿ ಮೂವರನ್ನು ಆರಿಸಿಕೊಂಡೆ. ಅವರಿಗೆ ನಾನಿಟ್ಟ ಹೆಸರು: ದುಬಾರಿಯವರು, ಸಾಧಾರಣದವರು, ಯಾರೂ ಕೇಳದವರು. ದುಬಾರಿಯವರ ಕಾರ್ಡಿಗೆ ಎರಡು ಫ್ಯಾನು, ಪಕ್ಕದಲ್ಲಿ ಬಣ್ಣಬಣ್ಣದ ದೀಪ. ಸಾಧಾರಣದವರದ್ದು ಒಂದೇ ಫ್ಯಾನು, ದೀಪವಿಲ್ಲ, ಉದ್ದ ಗೇಣಿಗಿಂತ ಕಡಿಮೆ. ಯಾರೂ ಕೇಳದವರು ಗ್ಯಾರಂಟಿ ಹೆಚ್ಚು ವರ್ಷ ಕೊಡುತ್ತಿದ್ದರು, ಆದರೆ ಕೆಟ್ಟರೆ ಯಾರಿಗೆ ಕೊಡಬೇಕೆಂಬುದನ್ನು ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಇದನ್ನೆಲ್ಲ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಚೌಕಚೌಕವಾಗಿ ಗೆರೆ ಎಳೆದು ಬರೆದೆ. ಮೆಮೊರಿ ಎಷ್ಟು, ಕರೆಂಟು ಎಷ್ಟು ಎಳೆಯುತ್ತದೆ, ಉದ್ದ ಎಷ್ಟು, ಶಬ್ದ ಎಷ್ಟು. ಶಬ್ದದ ಬಗ್ಗೆಯೇ ಐದು ದಿನ ಓದಿದೆ. ಸವಿತಳ ಕೋಣೆಯ ಗೋಡೆಯಾಚೆ ಎರಡು ಹಸು, ಒಂದು ಕರು ಕಟ್ಟಿದ್ದವು. ಅವುಗಳ ಕೂಗಿನ ನಡುವೆ ಫ್ಯಾನಿನ ಸದ್ದು ಯಾರಿಗೆ ಕೇಳಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಒಂದು ಸಲ ಬಿಳಿಗೆರೆಗೆ ಹೋದಾಗ ನೋಟ್‌ಬುಕ್ಕನ್ನು ತೆಗೆದುಕೊಂಡು ಹೋಗಿದ್ದೆ. ನಂಜಮ್ಮನವರಿಗೂ ವಿವರಿಸಿದೆ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡರು.

"ಕಾಯಿ ಒಂದೇ ತೋಟದ್ದು, ಚೀಲ ಬ್ಯಾರೆ ಬ್ಯಾರೆ ಮಂಡೀದು ಅನ್ನು," ಎಂದರು.

"ಹೂಂ ಅತ್ತೆ, ಹಂಗೇಯ."

"ಹಂಗಾದ್ರೆ ಇಷ್ಟುದ್ದ ಯಾಕಪ್ಪ ಬರ್ದಿದೀಯ? ಕೆಟ್ರೆ ಯಾರು ವಾಪಸ್ ತಗತಾರೆ, ಅದೊಂದ್ ಕೇಳು. ತಿಪಟೂರಲ್ಲಿ ತಗತೀನಿ ಅಂದೋನ ಹತ್ರ ತಗಂಡ್ ಬಾ."

ನೀವೇ ಹೇಳಿ, ಅಲ್ಲಿಗೆ ಕೆಲಸ ಮುಗಿಯಬೇಕಿತ್ತಲ್ಲವೇ? ಮೂವರಲ್ಲಿ ತಿಪಟೂರಿನ ಕಂಪ್ಯೂಟರ್ ಅಂಗಡಿಯವನು ತಾನೇ ವಾಪಸ್ ಪಡೆದು ಕಳಿಸಿಕೊಡುತ್ತೇನೆ ಎಂದದ್ದು ಸಾಧಾರಣದವರ ಕಾರ್ಡನ್ನು ಮಾತ್ರ. ಆದರೆ ಪಂಡಿತನಿಗೆ ಅಷ್ಟು ಸುಲಭದ ಉತ್ತರ ಒಗ್ಗಲಿಲ್ಲ. ನಾನು ಮಾಡಿದ್ದೇನೆಂದರೆ, ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದು 'ವಾಪಸ್' ಎಂದು ಬರೆದುಕೊಂಡೆ.

ಸವಿತ ಕಾಫಿ ಕೊಟ್ಟಳು. ಬಸ್ಸಿಗೆ ಹೊರಟಾಗ, "ಬೇಗ ಹೇಳಣ್ಣ," ಎಂದಳು. ಅಳೆದು ಸುರಿದು ಮಾಡುವವನಿಗೆ ಬೇಗ ಎಂಬ ಮಾತು ಕಿವಿಗೆ ಬೀಳುವುದಿಲ್ಲ. ಮಾರ್ಚಿನಲ್ಲಿ ಯಾರೋ ವಿಡಿಯೋದಲ್ಲಿ, ಬೇಸಿಗೆಯ ಹೊತ್ತಿಗೆ ಹೊಸ ಮಾಡೆಲ್ ಬರುತ್ತದೆ, ಹಳೆಯದರ ಬೆಲೆ ಇಳಿಯುತ್ತದೆ ಎಂದ. ಫೋನು ಮಾಡಿ ಅವಳಿಗೆ ಹೇಳಿದೆ. "ಇನ್ನೊಂದ್ ಸ್ವಲ್ಪ ಕಾಯಾನ ಕಣೇ."

"ಹೂಂ," ಎಂದಳು. ಅವಳ ಹೂಂ ಸಣ್ಣದಾಗಿತ್ತು. ಈಗ ನೆನೆಸಿಕೊಂಡರೆ ಕೇಳಿಸುತ್ತದೆ, ಆಗ ಕೇಳಿಸಲಿಲ್ಲ.

ಆ ವಾರವೇ ಅವರೂರ ಮೇಸ್ತ್ರಿಯೊಬ್ಬ ಮನೆ ಕಟ್ಟಿಸುವ ಗಂಡಹೆಂಡಿರನ್ನು ಕೋಣೆಗೆ ಕರೆತಂದಿದ್ದನಂತೆ. ಮೂರು ಬಣ್ಣದಲ್ಲಿ ಮೂರು ಚಿತ್ರ, ಮಾರನೆಯ ದಿನಕ್ಕೇ ಬೇಕು, ಪಾಯದ ಪೂಜೆ ಇದೆ. ಸವಿತ ನಾಲ್ಕು ದಿನ ಕೇಳಿದಳು. ಅವರು ಎದ್ದು ತಿಪಟೂರಿನ ಎಲಿವೇಷನ್ ಅಂಗಡಿಯೊಂದಕ್ಕೆ ಹೋದರು. ಬಂದದ್ದನ್ನೂ ಹೋದದ್ದನ್ನೂ ನಂಜಮ್ಮನವರು ಜಗಲಿಯ ಮೇಲೆ ಕೂತು ನೋಡಿದರು. ಇದನ್ನು ಅವಳು ನನಗೆ ಆಗ ಹೇಳಲಿಲ್ಲ.

ಯುಗಾದಿ ಕಳೆಯಿತು. ಹೊಸ ಮಾಡೆಲ್ ಬರಲಿಲ್ಲ. ಇನ್ನೂ ಹದಿನೈದು ದಿನ ಬಿಟ್ಟು, ಕೊನೆಗೂ ಮನಸ್ಸು ಗಟ್ಟಿಮಾಡಿ ತಿಪಟೂರಿಗೆ ಹೋಗಿ ಸಾಧಾರಣದವರ ಕಾರ್ಡು ತೆಗೆದುಕೊಂಡೆ. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಳಿಗೆರೆಯ ಬಸ್ಸಿನಲ್ಲಿ ಕೂತಾಗ ನನ್ನ ಹೆಮ್ಮೆ ಹೇಳತೀರದು. ಪಕ್ಕದವರು ಏನ್ರೀ ಅದು ಎಂದು ಕೇಳಲೆಂದೇ ಬರಹ ಮೇಲೆ ಕಾಣುವ ಹಾಗೆ ಹಿಡಿದುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಕೋಣೆಯ ಬಾಗಿಲಲ್ಲಿ ಬೋರ್ಡು ಇರಲಿಲ್ಲ. ಒಳಗೆ ಇಣುಕಿದೆ. ನೆಲದಿಂದ ಕಿಟಕಿಯ ಎತ್ತರದವರೆಗೆ ಕಾಯಿ. ಒಂದರ ಮೇಲೊಂದು, ಗೋಡೆಯಿಂದ ಗೋಡೆಗೆ. ಕಾಲಿಡುವುದಕ್ಕೂ ಜಾಗವಿಲ್ಲ.

ನಂಜಮ್ಮನವರು ಹಿಂದೆ ಬಂದು ನಿಂತರು. ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿದರು. "ನೀನು ತತ್ತೀಯ ಅಂತ ಹಬ್ಬ ಕಳೆದು ಹತ್ತು ದಿನ ಕಾದ್ವಪ್ಪ. ಕಾಯಿ ಬಿಸ್ಲಲ್ಲಿ ಬಿದ್ದಿದ್ವು. ಎಷ್ಟ್ ದಿನ ಅಂತ ಬಿಡಾನ?"

"ಒಂದ್ ಮೂಲೆ ತೆಗ್ದು ಮೇಜು ಹಾಕಕ್ಕಾಗಲ್ವಾ ಅತ್ತೆ?" ಎಂದೆ.

"ಹಾಕಿದ್ ಕಾಯಿ ಅಲ್ಲಾಡಿಸ್ಬಾರ್ದು ಕಣಪ್ಪ. ಕೊಬ್ರಿ ಕೆಡ್ತದೆ. ನೀನೂ ಕಾಯಿ ಮನೇಲೇ ಹುಟ್ಟಿದೋನು, ನಿಂಗೆ ನಾನ್ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಪೇರಿಸಿದ ಕಾಯಿ ಕೊಬ್ಬರಿಯಾಗುವ ತನಕ ಮುಟ್ಟುವ ಹಾಗಿಲ್ಲ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಂದರೆ ನಾನು ತಡ ಮಾಡಿದ್ದು ಹದಿನೈದು ದಿನವಲ್ಲ, ಒಂದು ವರ್ಷ. ಲಾಂಗ್ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಗೆರೆ ಎಳೆದಿದ್ದೆ. ಮರದಿಂದ ಕಾಯಿ ಯಾವಾಗ ಇಳಿಯುತ್ತದೆ ಎಂಬುದಕ್ಕೆ ಒಂದೂ ಗೆರೆ ಎಳೆದಿರಲಿಲ್ಲ.

ಕಂಪ್ಯೂಟರನ್ನು ನಡುಮನೆಯ ಮೂಲೆಯಲ್ಲಿ ಬೆಡ್‌ಶೀಟು ಹೊದಿಸಿ ಇಟ್ಟಿದ್ದರು. ಟಿವಿ ಅಲ್ಲೇ, ಊಟ ಅಲ್ಲೇ, ಮಲಗುವುದೂ ಅಲ್ಲೇ. ಅಂಥ ಕಡೆ ಮೇಸ್ತ್ರಿಗಳು ಬಂದು ಕೂರುವಂತಿರಲಿಲ್ಲ. ಕಾರ್ಡಿನ ಪೆಟ್ಟಿಗೆಯನ್ನು ಸವಿತ ಎರಡೂ ಕೈಯಲ್ಲಿ ಇಸಿದುಕೊಂಡು, ತೆರೆಯದೆ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು. ದಾರಿಯಲ್ಲಿ ನಾನೇ ಮಾತೆತ್ತಿದೆ. "ಒಳ್ಳೇ ಕಾರ್ಡೇ ತಂದಿದೀನಿ ಕಣೇ."

"ಗೊತ್ತು ಕಣಣ್ಣ. ನಾನು ನೋಡ್ಕಂಡಿದ್ದು ಅದನ್ನೇ."

"ಯಾವಾಗ?"

"ಸಂಕ್ರಾಂತಿಗೆ ಮುಂಚೆ." ಅವಳು ಫೋನು ತೆಗೆದು ತೋರಿಸಿದಳು. ಅದೇ ತಯಾರಕರು, ಅದೇ ಒಂದು ಫ್ಯಾನು, ಜನವರಿಯಲ್ಲಿ ಉಳಿಸಿಕೊಂಡ ಚಿತ್ರ. "ಕಂಪ್ಯೂಟರ್ ಕೇಸಿನಲ್ಲಿ ಎಷ್ಟು ಜಾಗ ಐತೆ ಅಂತ ಸ್ಕೇಲಿಟ್ಟು ಅಳೆದಿದ್ದೆ. ಇದೊಂದೇ ಹಿಡಿಯೋದು."

"ಮತ್ತೆ ನನ್ನ ಯಾಕ್ ಕೇಳ್ದೆ? ನೀನೇ ತಗಬೌದಿತ್ತಲ್ಲ," ಎಂದೆ.

"ನಾನ್ ತಗಂಡ್ರೆ, ಸೊಸೆ ದುಡ್ಡು ಹಾಳ್ಮಾಡಿದ್ಲು ಅಂತಾರೆ. ನಮ್ಮಣ್ಣ ಹೇಳ್ದ ಅಂದ್ರೆ ಯಾರೂ ಮಾತಾಡಲ್ಲ. ನೀನು ಹೂಂ ಅಂದಿದ್ರೆ ಸಾಕಾಗಿತ್ತು."

"ಹಂಗಂತ ಅವತ್ತೇ ಹೇಳೋದಲ್ವಾ?"

"ನೀನು ಅಷ್ಟು ಖುಷೀಲಿ ಪುಸ್ತಕ ತಗಂಡು ಗೆರೆ ಎಳೀತಿದ್ದೆ. ಬೇಜಾರ್ ಮಾಡ್ಕತೀಯ ಅಂತ ಸುಮ್ನಾದೆ."

ಬಸ್ಸು ಬಂತು. ಹತ್ತಿದೆ. ನಾಚಿಕೆಯಾಯಿತು ಅಂದರೆ ಸಾಲದು. ತವರಿನವರ ಮಾತಿಗೆ ಗಂಡನ ಮನೆಯಲ್ಲಿ ಒಂದು ತೂಕವಿದೆ. ನಮ್ಮ ಹೆಣ್ಣುಮಕ್ಕಳು ಅದನ್ನು ಬೇಕಾದಾಗ ಮಾತ್ರ, ಜೋಪಾನವಾಗಿ ಬಳಸುತ್ತಾರೆ. ಸವಿತ ಮದುವೆಯಾದ ಮೇಲೆ ನನ್ನಿಂದ ಕೇಳಿದ್ದು ಅದೊಂದನ್ನೇ. ಅವಳು ಕೇಳಿದ್ದು ನನ್ನ ತಿಳುವಳಿಕೆಯನ್ನಲ್ಲ, ನನ್ನ ಹೆಸರನ್ನು. ನಾನು ಮೂರು ತಿಂಗಳು ತಿಳುವಳಿಕೆಯನ್ನು ಗುಡ್ಡೆ ಹಾಕುತ್ತಾ ಕೂತಿದ್ದೆ.

ಆ ವರ್ಷ ಅವಳು ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ, ಆ ಗಂಡಹೆಂಡಿರು ಎದ್ದು ಹೋಗಿದ್ದರಲ್ಲ, ಅದೇ ಅಂಗಡಿಯಲ್ಲಿ ಸಂಬಳಕ್ಕೆ ಕೂತು ಚಿತ್ರ ಮಾಡಿದಳು. ಚಿತ್ರದ ಕೆಳಗೆ ಅಂಗಡಿಯವನ ಹೆಸರು ಬರುತ್ತಿತ್ತು. ಒಮ್ಮೆ ಅವಳ ಜೊತೆ ಬಸ್ಸಿನಲ್ಲಿ ಹೋಗುವಾಗ, ರಸ್ತೆ ಪಕ್ಕದಲ್ಲಿ ಹೊಸದಾಗಿ ಎದ್ದ ಮನೆಯೊಂದನ್ನು ತೋರಿಸಿ "ಅದು ನಂದು" ಎಂದಳು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದನ್ನು ನೋಡಿದಳು, ಆದರೆ ತೋರಿಸಲಿಲ್ಲ. ಅದೂ ಅವಳದೇ ಎಂದು ನನಗೆ ಗೊತ್ತಾಯಿತು. ಬೀರುವಿನಲ್ಲಿದ್ದ ಕಾರ್ಡಿನ ಗ್ಯಾರಂಟಿ ಮಾತ್ರ, ಬಿಲ್ ಹಾಕಿದ ದಿನದಿಂದ ತನ್ನ ಪಾಡಿಗೆ ತಾನು ಸವೆಯುತ್ತಿತ್ತು. ಅದರ ಬೆಲೆ ಇಳಿಯಿತೋ ಏರಿತೋ ನಾನು ಮತ್ತೆ ನೋಡಲಿಲ್ಲ. ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಅಂಗಡಿಯ ಚಿಲ್ಲರೆ ಲೆಕ್ಕಕ್ಕೂ ಬಳಸಲು ಮನಸ್ಸಾಗಲಿಲ್ಲ.

ಮುಂದಿನ ವರ್ಷ ಯುಗಾದಿ ಹತ್ತಿರ ಬಂದಾಗ ನಂಜಮ್ಮನವರೇ ಫೋನು ಮಾಡಿದರು. "ಕಾಯಿ ಇಳಿಸಿ ಸುಲಿಸ್ಬುಟ್ವಿ ಕಣಪ್ಪ. ಕೋಣೆ ಗುಡಿಸೈತೆ. ಇವ್ಳ ಕೆಲ್ಸ ನಡೀತದೆ ಅಂತ ಕಂಡ್ವಲ್ಲ, ಮುಂದಿನ ಕಾಯಿಗೆ ತೋಟದಲ್ಲಿ ಶೆಡ್ ಏಳ್ತಾ ಐತೆ. ಬಂದು ಆ ಪೆಟ್ಟಿಗೆ ಹಾಕ್ಕೊಡು."

ಹೋದೆ. ಸ್ಕ್ರೂಡ್ರೈವರು ತೆಗೆದುಕೊಂಡು ಹೋಗಿದ್ದೆ. ಕಂಪ್ಯೂಟರಿನ ಮುಚ್ಚಳ ಬಿಚ್ಚಿದ ಮೇಲೆ ಕಾರ್ಡನ್ನು ಯಾವ ಸಂದಿಗೆ ಒತ್ತಬೇಕೆಂದು ನನಗೆ ತೋಚಲಿಲ್ಲ. ಅಷ್ಟು ಓದಿದ್ದರಲ್ಲಿ ಅದೊಂದು ಇರಲಿಲ್ಲ. ಸವಿತ ಸ್ಕ್ರೂಡ್ರೈವರನ್ನು ನನ್ನ ಕೈಯಿಂದ ತೆಗೆದುಕೊಂಡು, ಹಿಂಬದಿಯ ತಗಡು ಬಿಚ್ಚಿ, ಕಾರ್ಡನ್ನು ಟಕ್ಕೆಂದು ಕೂರಿಸಿದಳು. ನಾನು ಫೋನಿನ ಬೆಳಕು ಹಿಡಿದುಕೊಂಡು ನಿಂತಿದ್ದೆ. ಹಿಡಿದದ್ದು ಚೆನ್ನಾಗಿಯೇ ಇತ್ತು.

ದಿನವಿಡೀ ಹಿಡಿಯುತ್ತಿದ್ದ ಚಿತ್ರ ಕಾಫಿ ಕುಡಿಯುವಷ್ಟರಲ್ಲಿ ಬಂತು. ನಂಜಮ್ಮನವರು ಬಾಗಿಲಿಗೆ ಒರಗಿ ನೋಡುತ್ತಿದ್ದರು. "ಇದು ಯಾರ ಮನೆ?" ಎಂದು ಕೇಳಿದರು. ಯಾರದ್ದೂ ಅಲ್ಲ, ಸುಮ್ಮನೆ ಪರೀಕ್ಷೆಗೆ ಹಾಕಿದ್ದು ಎಂದಳು ಸವಿತ. ಅವರು ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿ, ಹಸುವಿಗೆ ಹುಲ್ಲು ಹಾಕಲು ಹೋದರು.

ಇದೆಲ್ಲ ನಡೆದು ಈಗ ನಾಲ್ಕು ವರ್ಷ. ಬೆಳಿಗ್ಗೆ ಬಂದಿದ್ದ ದಂಡಿನಶಿವರದವರಿಗೆ ಮಗಳು ಯಾವುದನ್ನು ನೋಡಿಟ್ಟಿದ್ದಾಳೆ ಎಂದು ಮೊದಲು ಅವಳನ್ನೇ ಕೇಳಿ ಎಂದು ಹೇಳಿ ಕಳಿಸಿದೆ. ಅವರು ಹೋಗಿ ಒಂದು ಗಂಟೆಯೂ ಆಗಿರಲಿಲ್ಲ, ಸವಿತಳ ಫೋನು ಬಂತು. ಗಿರಾಕಿಗಳು ಹೆಚ್ಚಾಗಿದ್ದಾರೆ, ಎರಡನೇ ಕಂಪ್ಯೂಟರು ಇಡುತ್ತಿದ್ದೇನೆ, ಅದಕ್ಕೂ ಒಂದು ಕಾರ್ಡು, ಈ ಸಲ ಎರಡು ಫ್ಯಾನಿನದು ಎಂದಳು.

ನಾನು ಅವಳಿಗೆ ಪೂರ್ತಿ ಮುಗಿಸಲು ಬಿಡಲಿಲ್ಲ. "ಹೂಂ, ತಗೋ. ಇವತ್ತೇ ತಗೋ. ಅಣ್ಣ ಹೇಳ್ದ ಅಂತ ಹೇಳು ಅತ್ತೆಗೆ."

ಅವಳು ನಕ್ಕಳು. "ಅತ್ತೆನೇ ನನ್ ಜತೆ ಬಂದಿದ್ರು ಕಣಣ್ಣ, ಕಂಪ್ಯೂಟರ್ ಅಂಗಡಿಗೆ. ನೆನ್ನೇನೇ ತಗಂಡಾಯ್ತು."

"ಹಂಗಾದ್ರೆ ನನ್ನ ಕೇಳಾದೇನೈತೆ?"

"ಕೇಳ್ಲಿಲ್ಲ ಕಣಣ್ಣ, ಹೇಳ್ದೆ," ಎಂದಳು.

ಒಳ್ಳೇದಾಯ್ತು ಬುಡು ಎಂದು ಫೋನು ಇಟ್ಟೆ. ನನ್ನ ಮಾತಿನ ಅಗತ್ಯ ಅವಳಿಗಿನ್ನು ಇಲ್ಲ. ಅದಕ್ಕೆ ಸಂತೋಷಪಟ್ಟೆ, ನಿಜವಾಗಿಯೂ ಪಟ್ಟೆ. ಒಂದು ಸಲವಾದರೂ ಹೊತ್ತಿಗೆ ಸರಿಯಾಗಿ ಹೂಂ ಅನ್ನಬೇಕೆಂದು ಇಷ್ಟು ವರ್ಷ ಕಾದಿದ್ದೆ. ಅಂದೆ, ಆದರೆ ಅದು ಒಂದು ದಿನ ತಡವಾಗಿತ್ತು.